ವಾಸ್ತುದೋಷವಿರುವ ಮನೆ ಬೇಕಾಗಿದೆ

ಸಾಮಾನು ತುಂಬಿದ ಲಾರಿ ಏರಿನಲ್ಲಿ ಹಿಂದಕ್ಕೆ ಉರುಳಬಹುದಿತ್ತು. ಉಕ್ಕಿನ ಕಪಾಟು ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡು, ಮೇಲಿದ್ದವರು ಮೇಲೆ, ಕೆಳಗಿದ್ದವರು ಕೆಳಗೆ ಸಂಜೆಯ ತನಕ ಒಬ್ಬರ ಮುಖ ಒಬ್ಬರು ನೋಡದೆ ನಿಲ್ಲಬೇಕಾಗಬಹುದಿತ್ತು. ಆಷಾಢದ ಮಳೆ ಸರಿಯಾಗಿ ಹಾಸಿಗೆಗಳ ಮೇಲೆಯೇ ಸುರಿಯಬಹುದಿತ್ತು. ಅಪಾರ್ಟ್‌ಮೆಂಟಿನ ಗೇಟಿಗೆ ಕಟ್ಟಿದ್ದ ಬೂದುಗುಂಬಳಕಾಯಿಯನ್ನು ಕಾಕಾ ಎಲ್ಲರೆದುರು ಕಿತ್ತೆಸೆದು ಭಾಷಣಕ್ಕೆ ನಿಲ್ಲಬಹುದಿತ್ತು. ಕೇಳಿದ ನೆರೆಹೊರೆಯವರು ಮೊದಲ ದಿನವೇ ನೀರಿನ ವಾಲ್ವ್ ಬಂದ್ ಮಾಡಬಹುದಿತ್ತು. ಕಾಕು ಹಳೇ ಕ್ವಾರ್ಟರ್ಸಿನ ಬಾಗಿಲಚೌಕಟ್ಟು ಹಿಡಿದುಕೊಂಡು "ನಾ ಬರಂಗಿಲ್ಲ" ಅಂತ ಕೂತುಬಿಡಬಹುದಿತ್ತು. ಹೊಸ ಮನೆಯ ಫ್ಯಾನು ಕಳಚಿ ಬೀಳಬಹುದಿತ್ತು. ಬಿದ್ದರೆ ನನ್ನ ತಲೆ ಬಿಟ್ಟು ಬೇರೆ ಯಾರ ತಲೆಯ ಮೇಲೂ ಅದು ಬೀಳುತ್ತಿರಲಿಲ್ಲ ಅನ್ನುವುದು ನನಗೆ ಖಾತ್ರಿ!

ಇಷ್ಟೆಲ್ಲ ಯಾಕೆ ಹೆದರಿದಿರಿ ಅಂತೀರಾ? ಮನೆ ಬದಲಾಯಿಸಲು ಗೊತ್ತಾದ ಮುಹೂರ್ತ ಹಾಗಿತ್ತು ಸ್ವಾಮಿ. ಆಷಾಢ ಮಾಸ, ಅಮಾವಾಸ್ಯೆ, ಅದರಲ್ಲೂ ರಾಹುಕಾಲ. ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಆರಿಸಿದವನು ನಮ್ಮ ಕಾಕಾ. ಇಡೀ ಹೈದರಾಬಾದಿನಲ್ಲಿ ನಮ್ಮ ಕಾಕಾನಷ್ಟು ನಿಷ್ಠೆಯಿಂದ ಪಂಚಾಂಗ ಪಾಲಿಸುವ ಮನುಷ್ಯ ಇನ್ನೊಬ್ಬ ಸಿಕ್ಕಲಾರ.

ಆತ ನಾಸ್ತಿಕ.

(ಕಾಕಾ ಅಂದರೆ ನನ್ನ ತಂದೆಯ ತಮ್ಮ, ಕಾಕು ಅವನ ಹೆಂಡತಿ. 'ಆತ', 'ಅವನು' ಅಂತ ಬರೆಯುತ್ತಿದ್ದೇನೆಂದು ಬೇಸರ ಬೇಡ. ನಮ್ಮ ಬಾಗಲಕೋಟೆ ಕಡೆ ಪ್ರೀತಿಗೆ ಏಕವಚನ. ಎದುರಿಗೆ ಮಾತ್ರ ತಪ್ಪದೆ 'ರಿ' ಹಚ್ಚುತ್ತೇನೆ. ಅದು ಹೆದರಿಕೆಗೆ.)

ಕಾಕಾ ಕುಷಾಯಿಗೂಡದ ಹತ್ತಿರದ ದೊಡ್ಡ ಸರ್ಕಾರಿ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದಲ್ಲಿದ್ದ. ತಯಾರಾಗಿ ಬಂದ ಮಾಲನ್ನು ಅನುಮಾನದಿಂದ ನೋಡುವುದು ಅವನ ಕೆಲಸ. ಅದಕ್ಕೇ ಸಂಬಳ. ಮೊದಮೊದಲು ಕಾಕಾನ ಅನುಮಾನ ಎಂಥ ಚೆಂದದ ಅನುಮಾನವಾಗಿತ್ತು! ಪಕ್ಕದ ಕ್ವಾರ್ಟರ್ಸಿನ ಹುಡುಗಿಗೆ ಜ್ವರ ಬಂದು, ಮನೆಯವರು ತಾಯಿತ ಕಟ್ಟಿ ಸುತ್ತ ಕೂತಿದ್ದಾಗ, "ತಾಯಿತಾನೂ ಇರ್ಲಿ, ಡಾಕ್ಟರೂ ಇರ್ಲಿ, ಯಾವ್ದರಿಂದ ಕಡಿಮಿ ಆಗ್ತೈತೋ ನೋಡೂಣು" ಅಂತ ನಗುತ್ತ, ಆ ಕೂಸನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಹೋದವನು ಅವನು. ನಾನು ಆಗ ಚಡ್ಡಿ ಹಾಕುವ ವಯಸ್ಸಿನವ, ರಜಕ್ಕೆ ಬಂದಿದ್ದೆ. ದೊಡ್ಡವನಾದ ಮೇಲೆ ಕಾಕಾನ ಹಾಗೆ ಆಗಬೇಕು ಅಂದುಕೊಂಡಿದ್ದೆ. ಆಗಲಿಲ್ಲ. ದೇವರನ್ನು ನಾನು ಪೂರ್ತಿ ನಂಬುತ್ತೇನೆ ಅಂತಲ್ಲ. ನಂಬದೆ ಇರುವುದಕ್ಕೆ ಬೇಕಾದ ಧೈರ್ಯ ನನ್ನಲ್ಲಿಲ್ಲ. ಮೆಹದಿಪಟ್ಟಣದಲ್ಲಿ ಬಸ್ ಹತ್ತುವ ಮುಂಚೆ ಎಲ್ಲ ಧರ್ಮದ ದೇವರಿಗೂ ಒಂದೊಂದು ನಮಸ್ಕಾರ ಹಾಕಿಯೇ ಹತ್ತುವವನು ನಾನು. ಆ ಬಸ್ಸಿನ ಡ್ರೈವರುಗಳನ್ನು ನೋಡಿದವರಿಗೆ ಇದು ಅತಿ ಅನ್ನಿಸಲಾರದು.

ಕಾಕಾನ ಅನುಮಾನ ಯಾವಾಗ ಗಟ್ಟಿಯಾಯಿತೋ ಯಾರಿಗೂ ಗೊತ್ತಾಗಲಿಲ್ಲ. "ಯಾಕ?" ಅನ್ನುತ್ತಿದ್ದ ಬಾಯಿ ನಿಧಾನಕ್ಕೆ "ಕೂಡದು!" ಅನ್ನತೊಡಗಿತು.

ಯುಗಾದಿ ಹತ್ತಿರ ಬಂದರೆ ಸಾಕು, ಕಾಕಾ ಬೇಗಂ ಬಜಾರಿಗೆ ಹೋಗಿ ಹೊಸ ಪಂಚಾಂಗ ತರುತ್ತಿದ್ದ. ಅಂಗಡಿಯ ಮುದುಕ ಸೇಠ್ ಇವನನ್ನು ಮಹಾ ಆಸ್ತಿಕನೆಂದು ತಿಳಿದು, ಕಂಡಕೂಡಲೇ ಎದ್ದು ಕೈಮುಗಿಯುತ್ತಿದ್ದ. ಮನೆಗೆ ಬಂದು ಕಾಕಾ ಕೆಂಪು ಪೆನ್ಸಿಲ್ ಹಿಡಿದು ಕೂತರೆ ಅಮಾವಾಸ್ಯೆಗಳೆಲ್ಲ ಕೆಂಪಾದವು, ಗ್ರಹಣಗಳೆಲ್ಲ ಕೆಂಪಾದವು. ಊರಿಗೆ ಹೊರಡುವುದು, ಹೊಸ ಬಟ್ಟೆ ಉಡುವುದು, ಕೊನೆಗೆ ಉಪ್ಪಿನಕಾಯಿ ಹಾಕುವುದು ಕೂಡ ಆ ಕೆಂಪು ಗೀಟಿನೊಳಗೇ ಆಗಬೇಕು. ಒಮ್ಮೆ ತಿಳಿಯದೆ ಒಳ್ಳೇ ಮುಹೂರ್ತದಲ್ಲಿ ಹೊಸ ಚಪ್ಪಲಿ ಮೆಟ್ಟಿಬಿಟ್ಟು, ಗೊತ್ತಾದ ಮೇಲೆ ಮನಸ್ಸಿಗೆ ಕಿರಿಕಿರಿಯಾಗಿ ಅದನ್ನು ಬಿಚ್ಚಿಟ್ಟು, ರಾಹುಕಾಲ ಬರುವ ತನಕ ಬರಿಗಾಲಲ್ಲಿ ಕೂತಿದ್ದ!

ಕ್ಷೌರ ಮಂಗಳವಾರವೇ ಆಗಬೇಕು. ಆದರೆ ಈ ಊರಿನಲ್ಲಿ ಮಂಗಳವಾರ ಕ್ಷೌರದಂಗಡಿಗಳಿಗೆಲ್ಲ ರಜೆ. ಹಾಗೆಂದು ತತ್ವ ಬಿಡಲಾದೀತೇ? ಕಾಕುವಿನ ಕೈಗೆ ಕತ್ತರಿ ಬಂತು. ಕಾಕು ಹೊಲಿಗೆ ಕಲಿತವಳು. ಬ್ಲೌಸಿಗೆ ಕಟೋರಿ ಕತ್ತರಿಸಿದಂತೆ ಕತ್ತರಿಸಿದಳು. ವಿಚಾರವಾದಕ್ಕಾಗಿ ಜನ ಏನೇನೋ ತ್ಯಾಗ ಮಾಡಿದ್ದಾರೆ. ನಮ್ಮ ಕಾಕಾನ ತ್ಯಾಗ ಮಾತ್ರ ಹಿಂದಿನಿಂದ ನೋಡಿದರೂ ಕಾಣುತ್ತಿತ್ತು.

ಹೊರಡುವಾಗ ಬೆಕ್ಕು ಅಡ್ಡ ಬಂದರೆ ನಾವೆಲ್ಲ ಒಂದು ನಿಮಿಷ ನಿಲ್ಲುತ್ತೇವೆ. ಕಾಕಾ ಬೆಕ್ಕು ಅಡ್ಡ ಬರಲಿ ಅಂತ ನಿಲ್ಲುತ್ತಿದ್ದ! ಗೇಟಿನ ಹತ್ತಿರ "ಬಾ, ಬಾರಲೇ" ಅಂತ ಅದನ್ನು ಪುಸಲಾಯಿಸುತ್ತ ಕಾರ್ಖಾನೆಯ ಬಸ್ ತಪ್ಪಿಸಿಕೊಂಡಿದ್ದೂ ಉಂಟು. ಬಸ್ ತಪ್ಪಿದ್ದು ಬೆಕ್ಕಿನಿಂದಲೇ ಅಲ್ಲವೇ ಅಂತ ಕೇಳಿದರೆ ಮಾತ್ರ ಸಿಟ್ಟು.

ಎಲ್ಲಕ್ಕಿಂತ ಮಿಗಿಲು ಶಿರಾದ, ಅಂದರೆ ರವೆಯ ಸಜ್ಜಿಗೆಯ, ಪ್ರಸಂಗ. ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ. ನನ್ನ ಹೆಂಡತಿ ತುಪ್ಪ ಸೋರುವ ಶಿರಾ ತಂದು ಕಾಕಾನ ಮುಂದಿಟ್ಟಳು. ಕಾಕಾನಿಗೆ ಶಿರಾ ಅಂದರೆ ಪ್ರಾಣ. ಆದರೂ ಕೈ ಚಾಚಲಿಲ್ಲ.

"ನೈವೇದ್ಯ ಆಗೇತೇನು?"

"ಆಗೇತ್ರಿ ಮಾವಾರ."

"ಹಂಗಾದ್ರ ಬ್ಯಾಡ. ದೇವರಿಗೆ ತೋರಸಲಾರದ್ದು ಇದ್ರ ಕೊಡು."

ನನಗೆ ಸುಮ್ಮನಿರಲಾಗಲಿಲ್ಲ. "ಕಾಕಾ, ದೇವ್ರ ಇಲ್ಲಂತೀರಿ. ಇಲ್ಲದಾಂವ ನೋಡಿದ್ರ ಶಿರಾಕ್ಕ ಏನಾಗ್ತೈತ್ರಿ?"

ಕಾಕಾ ಬಹಳ ಹೊತ್ತು ಯೋಚಿಸಿದ. ಶಿರಾ ಆರುತ್ತಿತ್ತು. ಕೊನೆಗೆ, "ತಮ್ಮಾ, ನಿನ್ನ ಪ್ರಶ್ನಿ ಸಣ್ಣದೈತಿ, ನನ್ನ ತತ್ವ ದೊಡ್ಡದೈತಿ" ಅಂದ. ಮಡಿ ಅಜ್ಜಿಯರು ಬೆಕ್ಕು ಮುಟ್ಟಿದ ಹಾಲನ್ನು ದೂರವಿಟ್ಟಂತೆ ಆ ತಟ್ಟೆಯನ್ನು ಒಂದೇ ಬೆರಳಿನಿಂದ ಆಚೆ ನೂಕಿದ. ದೇವರಿಲ್ಲ ಅನ್ನುವುದಕ್ಕೂ ಒಂದು ಮಡಿ ಇದೆ, ಅದಕ್ಕೂ ಮೈಲಿಗೆಯಾಗುತ್ತದೆ ಅಂತ ನನಗೆ ಗೊತ್ತಾದದ್ದು ಆವತ್ತೇ.

ಇರಲಿ, ಇಷ್ಟರಿಂದ ಯಾರಿಗೂ ತೊಂದರೆ ಇರಲಿಲ್ಲ. ತೊಂದರೆ ಶುರುವಾದದ್ದು ಕಾಕಾನ ನಿವೃತ್ತಿ ಹತ್ತಿರ ಬಂದು, ಕ್ವಾರ್ಟರ್ಸ್ ಬಿಡಬೇಕಾಗಿ ಬಂದಾಗ. ಮದುವೆಯಾಗಿ ಬಂದಂದಿನಿಂದ ಕಾಕು ಇದ್ದದ್ದು ಆ ಕ್ವಾರ್ಟರ್ಸಿನಲ್ಲಿ. ಅಲ್ಲಿಯ ಅಡಿಗೆಮನೆಯಲ್ಲಿ ಕಿಟಕಿ ಇತ್ತು, ಇಲ್ಲವೆನ್ನಲಾರೆ. ತೆರೆದರೆ ಕೈಗೆಟಕುವಷ್ಟು ಹತ್ತಿರದಲ್ಲಿ ಪಕ್ಕದ ಬ್ಲಾಕಿನ ಗೋಡೆ, ಗೋಡೆಗೆ ಒಂದು ಮೋರಿಯ ಪೈಪು. ಅಷ್ಟೂ ವರ್ಷ ಆ ಪೈಪು ನೋಡುತ್ತ ರೊಟ್ಟಿ ಬಡಿದಿದ್ದಳು.

"ನಂಗ ದೊಡ್ಡ ಮನಿ ಬ್ಯಾಡ್ರಿ" ಅಂದಳು ಕಾಕು. "ಅಡಗಿಮನ್ಯಾಗ ಒಂದ ಕಿಡಕಿ ಇರ್ಲಿ. ಹೊರಗ ಮಂದಿ ಅಡ್ಡಾಡೋದ ಕಾಣಬೇಕು. ಮತ್ತ ಏನೂ ಕೇಳಂಗಿಲ್ಲ."

"ಇಷ್ಟ ಏನ?" ಅಂದ ಕಾಕಾ. "ಕೊಡಸ್ತೀನಿ. ಆದ್ರ ವಾಸ್ತು ನೋಡಿ ಕಟ್ಟಿದ ಮನ್ಯಾಗ ನಾ ಕಾಲ ಇಡಂಗಿಲ್ಲ."

ಅಷ್ಟೇ! ಅಲ್ಲಿಗೆ ನನ್ನ ಸ್ಕೂಟರಿನ, ನನ್ನ ಭಾನುವಾರಗಳ ಕತೆ ಮುಗಿಯಿತು.

ನಿಮಗೆ ಆ ಕಾಲದ ಹೈದರಾಬಾದು ಗೊತ್ತಿದ್ದರೆ ಕಷ್ಟ ಅರ್ಥವಾದೀತು. ಊರಿಗೆ ಕಂಪ್ಯೂಟರ್ ಬಂದಿತ್ತು, ಕಂಪ್ಯೂಟರಿನ ಹಿಂದೆಯೇ ವಾಸ್ತುವೂ ಬಂದಿತ್ತು. ಬಂಡೆಗಲ್ಲುಗಳಿದ್ದ ಕಡೆ ಬೆಳಗಾಗುವುದರೊಳಗೆ ಗಾಜಿನ ಕಟ್ಟಡ. ಹಗಲೆಲ್ಲ ಅಮೆರಿಕದ ಬ್ಯಾಂಕುಗಳ ಲೆಕ್ಕ ಸರಿಪಡಿಸುವ ಹುಡುಗರು ಸಂಜೆ ಫ್ಲಾಟ್ ನೋಡಲು ಬಂದರೆ ಕೇಳುತ್ತಿದ್ದ ಮೊದಲ ಪ್ರಶ್ನೆ, ಈಶಾನ್ಯದಲ್ಲಿ ಏನಿದೆ? ನಲ್ಲಿಯಲ್ಲಿ ನೀರು ಬರುತ್ತದೆಯೇ ಅನ್ನುವುದು ಆಮೇಲಿನ ಪ್ರಶ್ನೆ. ಕಟ್ಟುವವರೂ ಹಾಗೇ ಕಟ್ಟುತ್ತಿದ್ದರು. ಮೂಲೆಮೂಲೆಯೂ ಶಾಸ್ತ್ರೋಕ್ತ. ಅಂಥ ಊರಿನಲ್ಲಿ ವಾಸ್ತುದೋಷವಿರುವ ಮನೆ ಎಲ್ಲಿಂದ ತರುವುದು?

ಕಾಕಾ ಒಂದು ದಿಕ್ಸೂಚಿ ಕೊಂಡ. ವಾಸ್ತುವಿನ ಪುಸ್ತಕಗಳನ್ನೂ ಕೊಂಡು ಬಾಯಿಪಾಠ ಮಾಡಿದ. ಮೊದಲ ಭಾನುವಾರವೇ ಒಂದು ಹೊಸ ಅಪಾರ್ಟ್‌ಮೆಂಟಿನಲ್ಲಿ ಟೈ ಕಟ್ಟಿದ ಹುಡುಗನೊಬ್ಬ ಎದುರುಗೊಂಡು, ಎಳನೀರು ಕೊಟ್ಟು, "ಹಂಡ್ರೆಡ್ ಪರ್ಸೆಂಟ್ ವಾಸ್ತು ಸರ್!" ಅಂದ.

"ತೋ ಫಿರ್ ನಕ್ಕೋ" ಅಂದ ಕಾಕಾ. ಹಾಗಾದರೆ ಬೇಡ ಅಂತ. ಎಳನೀರನ್ನೂ ಪೂರ್ತಿ ಕುಡಿಯದೆ ಎದ್ದುಬಿಟ್ಟ. ನಾನು ಕುಡಿದಿದ್ದೆ. ಹೀಗಾಗಿ ಆ ಹುಡುಗನ ಮೋರೆ ನೋಡುವ ಕಷ್ಟ ನನ್ನ ಪಾಲಿಗೆ ಬಂತು.

ಯಾದಗಿರಿ ಅನ್ನುವ ಬ್ರೋಕರ್ ಒಬ್ಬನನ್ನು ಹಿಡಿದೆವು. ಅವನು ಒಂದರ ಹಿಂದೆ ಒಂದು ಮನೆ ತೋರಿಸಿದ. ಕಾಕಾ ದಿಕ್ಸೂಚಿ ಹಿಡಿದು ಒಳಗೆ ಹೋಗುವುದು, ಒಂದೊಂದೇ ಕೋಣೆ ದಾಟಿದಂತೆ ಮುಖ ಬಾಡುವುದು, ಕೊನೆಗೆ ಸಾವಿನ ಸುದ್ದಿ ಹೇಳುವಂತೆ, "ಎಲ್ಲಾ ಸರಿ ಐತಿ. ನಡಿ ತಮ್ಮಾ" ಅನ್ನುವುದು. ಬಾಗಿಲು ಪೂರ್ವಕ್ಕಿದ್ದರೆ ಹಣೆ ಗಂಟಾಗುತ್ತಿತ್ತು. ದೇವರಮನೆ ಈಶಾನ್ಯದಲ್ಲಿದ್ದರೆ ಮೂಗು ಮುಚ್ಚಿಕೊಳ್ಳುತ್ತಿದ್ದ.

ಕೆಲವು ವಾರಗಳಾದ ಮೇಲೆ ನನಗೊಂದು ವಿಚಿತ್ರ ಕಾಣಿಸಿತು. ನಾವು ನೋಡಲು ಹೋದಲ್ಲೆಲ್ಲ ಮೊದಲೇ ಬೇರೊಂದು ಜೋಡಿ ಬಂದು ಮೂಲೆಯಲ್ಲಿ ನಿಂತಿರುತ್ತಿತ್ತು. ಹೊಸದಾಗಿ ಮದುವೆಯಾದ, ಕೊರಳಲ್ಲಿ ಕಂಪನಿಯ ಪಟ್ಟಿ ಹಾಕಿಕೊಂಡ ಮಕ್ಕಳು. ಕಾಕಾ ಒಳಗೆಲ್ಲ ತಿರುಗಿ ಬಂದು, "ಥೂ! ನೈಋತ್ಯ ಭಾರ ಐತಿ, ಈಶಾನ್ಯ ಖುಲ್ಲಾ ಐತಿ, ಎಳ್ಳಷ್ಟೂ ದೋಷ ಇಲ್ಲ! ಇಂಥಾ ಮನ್ಯಾಗ ಯಾರ ಇರಬೇಕ್ರಿ?" ಅಂತ ಹಿಂದಿಯಲ್ಲಿ ಕೂಗಾಡಿದ ಕೂಡಲೇ ಆ ಜೋಡಿ ಯಾದಗಿರಿಯ ಕೈಗೆ ಅಡ್ವಾನ್ಸ್ ಕೊಡುತ್ತಿತ್ತು.

ಅರ್ಥವಾಯಿತಲ್ಲ? ಪಂಡಿತರಿಗಾದರೆ ಫೀ ಕೊಡಬೇಕು, ಮೇಲಾಗಿ ಅವರು ಮುಲಾಜಿಗೆ ಸುಳ್ಳು ಹೇಳಿಯಾರು. ನಮ್ಮ ಕಾಕಾ ಬೈದ ಮನೆ ಅಂದರೆ ಚಿನ್ನಕ್ಕೆ ಮುದ್ರೆ ಬಿದ್ದ ಹಾಗೆ! ಸಂಗತಿ ತಿಳಿದು ಕಾಕಾ ಕೆಂಡವಾದ.

"ನನ್ನ ವಾಸ್ತು ಪಂಡಿತ ಮಾಡಿದ್ಯಲ್ಲೋ!"

ಯಾದಗಿರಿ ಎರಡೂ ಕೈ ಜೋಡಿಸಿದ. "ಸಾಬ್, ಆಪ್ ಜೈಸಾ ಪಂಡಿತ್ ಹೈದರಾಬಾದ್ ಮೇ ನಹೀ!" ಪಾಪ, ಅವನು ಮನಸಾರೆ ಹೇಳಿದ ಹೊಗಳಿಕೆ. ಕಾಕಾ ಎರಡು ದಿನ ಊಟ ಬಿಟ್ಟ.

ಈ ನಡುವೆ ಫ್ಲಾಟುಗಳ ದರ ಪ್ರತಿ ತಿಂಗಳೂ ಮೇಲೇರುತ್ತಿತ್ತು. ಕ್ವಾರ್ಟರ್ಸ್ ಬಿಡಬೇಕೆಂಬ ನೋಟೀಸು ಬಂತು. ನಾನು ನನ್ನ ಚಿಂತೆಯ ಜೊತೆಗೆ ಕಾಕಾನ ಪಾಲಿನ ಚಿಂತೆಯನ್ನೂ ಮಾಡಿ ತೂಕ ಇಳಿಸಿಕೊಂಡೆ. ಕಾಕು ಮಾತ್ರ ಪಾತ್ರೆಗಳನ್ನು ಹಳೇ ಸೀರೆಯಲ್ಲಿ ಸುತ್ತಿಡುತ್ತಿದ್ದಳು. ಒಂದು ಸಂಜೆ ಅದೇ ಕೆಲಸದಲ್ಲಿದ್ದವಳು ತಲೆ ಎತ್ತದೆ ಅಂದಳು:

"ನಮ್ಮ ದೇವ್ರ ಒಂದ ಕಾಯಿ ಒಡದ್ರ ಸಮಾಧಾನ ಆಗ್ತಾನ. ನಿಮ್ಮ ಇಲ್ಲದ ದೇವ್ರ ಭಾಳ ಕಡಕ ನೋಡ್ರಿ. ಏನ ಮಾಡಿದ್ರೂ ಸಮಾಧಾನ ಇಲ್ಲ ಅವಂಗ."

ಕಾಕಾ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡ. ಪೇಪರ್ ತಲೆಕೆಳಗಾಗಿತ್ತು.

ಆ ವಾರವೇ ಮನೆ ಸಿಕ್ಕಿತು! ಕುಷಾಯಿಗೂಡದಲ್ಲೇ, ಎರಡನೇ ಮಹಡಿ. ಉಳಿದವೆಲ್ಲ ಮಾರಾಟವಾಗಿ, ಯಾರೂ ಮುಟ್ಟದೆ ಉಳಿದಿದ್ದ ಒಂದೇ ಒಂದು ಫ್ಲಾಟು. ಬಾಗಿಲು ನೆಟ್ಟಗೆ ದಕ್ಷಿಣಕ್ಕೆ. ಎದುರಿನ ಗಲ್ಲಿ ಬಾಣದ ಹಾಗೆ ಬಂದು ಕೆಳಗೆ ಈ ಬದಿಯ ಗೋಡೆಗೇ ನಾಟುತ್ತಿತ್ತು. ಪಾಯಿಖಾನೆ ನೈಋತ್ಯಕ್ಕೆ. ಈಶಾನ್ಯದಲ್ಲಿ ಗಾಳಿಬೆಳಕಿಲ್ಲದ ಉಗ್ರಾಣ. ಕಾಕಾ ಒಂದೊಂದು ಕೋಣೆಗೂ ಹೋಗಿ "ವ್ಹಾ!" "ವ್ಹಾ!" ಅನ್ನುತ್ತಿದ್ದರೆ ಗಜಲ್ ಕೇಳಲು ಬಂದವನೆಂದು ಯಾರಾದರೂ ತಿಳಿಯಬೇಕು. ಕಾಕು ಅಡಿಗೆಮನೆಗೆ ಹೋದಳು. ಅಲ್ಲಿ ರಸ್ತೆಯ ಕಡೆಗೆ ದೊಡ್ಡದೊಂದು ಕಿಟಕಿ. ಕೆಳಗೆ ತರಕಾರಿಯ ಬಂಡಿ, ಶಾಲೆಯ ಆಟೋ, ಎದುರಿಗೆ ಹಾಲಿನ ಅಂಗಡಿ. ಸರಳು ಹಿಡಿದು ನಿಂತವಳು ಅಲ್ಲಿಂದ ಅಲುಗಲೇ ಇಲ್ಲ.

ಕಾಕಾ ದಿಕ್ಸೂಚಿ ಹಿಡಿದು ಕೊನೆಗೆ ಆ ಅಡಿಗೆಮನೆಗೂ ಬಂದ. ಮುಳ್ಳು ನಿಂತಿತು. ಕಾಕಾನ "ವ್ಹಾ" ಅರ್ಧಕ್ಕೇ ನಿಂತಿತು.

"ತಮ್ಮಾ, ಒಂದ ದೋಷ ಐತಲ್ಲೋ!"

"ಏನ್ರಿ?"

"ಅಡಗಿಮನಿ ಆಗ್ನೇಯದಾಗ ಐತಿ. ವಾಸ್ತು ಪ್ರಕಾರ ಬರೋಬ್ಬರಿ!"

ದೋಷ ಅಂದರೆ ಇದು! ನಾನು ಬೇಡಿಕೊಂಡೆ. ಯಾದಗಿರಿ ಬೇಡಿಕೊಂಡ. ಕೇಳುವವರು ಯಾರು? ಅಡಿಗೆಯನ್ನು ಈಶಾನ್ಯದ ಉಗ್ರಾಣಕ್ಕೆ ಸಾಗಿಸುವುದು, ಇಲ್ಲಿಯ ಕಿಟಕಿಗೆ ಇಟ್ಟಿಗೆ ತುಂಬಿ ಕಪಾಟು ಮಾಡುವುದು, ಸಾಮಾನು ಬಂದ ದಿನವೇ ಮೇಸ್ತ್ರಿ ಬರುವುದು ಅಂತ ತೀರ್ಮಾನವಾಯಿತು. ಕಾಕು ಸರಳಿನಿಂದ ಕೈ ತೆಗೆದಳು. "ಆತ ಬಿಡ್ರಿ, ಉಗ್ರಾಣದಾಗ ಒಂದ ಬಲ್ಬ ಹಾಕಸ್ರಿ" ಅಂದಳು. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

ಹಾಗೆ ಬಂತು ಆ ಅಮಾವಾಸ್ಯೆ. ಲಾರಿ ಏರು ಹತ್ತಿ ಬಂತು. ಕಪಾಟು ತಿರುವಿನಲ್ಲಿ ಒಂದು ಸಲ ನರಳಿ ದಾಟಿಕೊಂಡಿತು. ಮಳೆ ಮೋಡವಾಗಿಯೇ ಉಳಿಯಿತು. ಬೂದುಗುಂಬಳಕಾಯಿಯ ಕೆಳಗೆ ಕಾಕಾ ಮಂಚದ ಒಂದು ತುದಿಯನ್ನು ತಲೆಯ ಮೇಲೆ ಹೊತ್ತು ನಡೆದುಬಂದದ್ದರಿಂದ ಅದು ಕಾಣಲೇ ಇಲ್ಲ. ಫ್ಯಾನು ತಿರುಗಿತು, ನಾನು ಮುನ್ನೆಚ್ಚರಿಕೆಗೆ ಗೋಡೆಗೆ ಆತುಕೊಂಡೇ ಓಡಾಡಿದೆ. ರಾಹುಕಾಲ ಮುಗಿಯುವ ಹೊತ್ತಿಗೆ ಎಲ್ಲವೂ ಒಳಗೆ, ಎಲ್ಲರೂ ಸುರಕ್ಷಿತ. ನನಗೆ ಎಷ್ಟು ಹಗುರವಾಯಿತೆಂದರೆ, ಚಿಂತೆ ಮಾಡಲು ಏನೂ ಸಿಗುತ್ತಿಲ್ಲವಲ್ಲ ಅಂತ ಚಿಂತೆಯಾಯಿತು.

ಆಗ ಎದುರು ಮನೆಯ ತೆಲುಗಿನ ಅಮ್ಮ ಬಂದು, "ಪಾಲು ಪೊಂಗಿಂಚಾರಾ?" ಅಂತ ಕೇಳಿದರು. ಹೊಸ ಮನೆಯಲ್ಲಿ ಮೊದಲು ಹಾಲು ಉಕ್ಕಿಸುವ ಪದ್ಧತಿ ಇಲ್ಲಿ ಯಾರೂ ಬಿಡುವುದಿಲ್ಲ. ಕಾಕು ಕಾಕಾನ ಕಡೆ ನೋಡದೆ, "ಚಹಾಕ್ಕ ಹಾಲ ಕಾಸ್ತೀನಿ" ಅಂದು, ಕಿಟಕಿಯಿರುವ ಅಡಿಗೆಮನೆಯಲ್ಲೇ ಒಲೆ ಹಚ್ಚಿದಳು. ಚಹಾದ ಹಾಲಿಗೆ ಅಷ್ಟು ಭಕ್ತಿಯಿಂದ ಯಾರಾದರೂ ಒಲೆಯ ಸುತ್ತ ನಿಲ್ಲುತ್ತಾರೆಯೇ? ನನ್ನ ಹೆಂಡತಿ, ಎದುರು ಮನೆಯ ಅಮ್ಮ, ನಾನು, ಎಲ್ಲರೂ ನಿಂತೆವು. ಸುತ್ತಿಗೆ, ಉಳಿ ಹಿಡಿದು ಬಂದ ಮೇಸ್ತ್ರಿಯೂ ಚಪ್ಪಲಿ ಬಿಟ್ಟು ನಿಂತ. ಹಾಲು ಬಿಸಿಯಾಯಿತು. ಅಂಚಿನಲ್ಲಿ ಗುಳ್ಳೆ ಎದ್ದಿತು. ಇನ್ನೇನು ಉಕ್ಕಬೇಕು ಅನ್ನುವಾಗ ಒಡೆದು ಮೊಸರಿನ ಚೂರಿನಂತೆ ಗಂಟುಗಂಟಾಯಿತು.

ಎದುರು ಮನೆಯ ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಾನು ಕಾಕಾನ ಕಡೆ ನೋಡಿದೆ. ಇಷ್ಟು ವರ್ಷ ಕಾದಿದ್ದ ಸಂದರ್ಭ ಇದೇ ತಾನೇ? ಅಮಾವಾಸ್ಯೆಯ ದಿನ ಹೊಸ ಒಲೆಯ ಮೇಲೆ ಒಡೆದ ಹಾಲು! ಭಾಷಣಕ್ಕೆ ಇದಕ್ಕಿಂತ ಒಳ್ಳೇ ವೇದಿಕೆ ಬೇಕೇ? ಕಾಕಾ ಗಂಟಲು ಸರಿಮಾಡಿಕೊಂಡ. ಕಾಕುವಿನ ಕಡೆ ನೋಡಿದ. ಅವಳು ಸೌಟು ಹಿಡಿದು ಪಾತ್ರೆಯೊಳಗೇ ನೋಡುತ್ತಿದ್ದಳು; ಒಡೆದದ್ದು ಮತ್ತೆ ಕೂಡಿಕೊಂಡೀತೇನೋ ಅನ್ನುವಂತೆ ತಿರುವುತ್ತಲೇ ಇದ್ದಳು.

ಕಾಕಾ ಬಗ್ಗಿ ಪಾತ್ರೆ ಮೂಸಿದ. "ಪಾಕೀಟ ಹಳೇದು" ಅಂದ. ಅಷ್ಟೇ ಅಂದ. ಚಪ್ಪಲಿ ಮೆಟ್ಟಿ ದಡದಡ ಕೆಳಗಿಳಿದು ಹೋದ.

ಸ್ವಲ್ಪ ಹೊತ್ತಿಗೆ ರಸ್ತೆಯಿಂದ ಕೂಗು ಕೇಳಿತು. "ಏ... ಕೇಳಾಕತ್ತೇನ? ಅರ್ಧಾ ಲೀಟರೋ, ಒಂದೋ?"

ಕಾಕು ಕಿಟಕಿಗೆ ಓಡಿದಳು. "ಒಂದ ತರ್ರಿ! ಮಂದಿ ಭಾಳ ಅದಾರ!"

"ಬಾಳಿಹಣ್ಣು?"

"ಬ್ಯಾಡ್ರಿ! ... ತರ್ರಿ, ತರ್ರಿ!"

ನಾನೂ ಇಣುಕಿದೆ. ಕೆಳಗೆ ಹಾಲಿನ ಅಂಗಡಿಯ ಮುಂದೆ ಕಾಕಾ, ಕಾಕುವೇ ಕತ್ತರಿಸಿದ ತಲೆಯನ್ನು ಹಿಂದಕ್ಕೆ ಎಸೆದು, ಮೇಲೆ ನೋಡುತ್ತ ನಿಂತಿದ್ದ. ಅಂಗಡಿಯವನು ಪಾಕೀಟು ಚಾಚಿ ಎರಡು ಸಲ ಕರೆದರೂ ಅವನಿಗೆ ಕೇಳಲಿಲ್ಲ. ಒಂದು ಆಟೋ ಹಾರ್ನ್ ಹೊಡೆದು ಸುತ್ತಿಬಳಸಿ ಹೋಯಿತು.

ಕಾಕಾ ಏದುಸಿರು ಬಿಡುತ್ತ ಮೇಲೆ ಬಂದಾಗ ಮೇಸ್ತ್ರಿ ಕಿಟಕಿಯ ಪಕ್ಕ ಸಜ್ಜಾಗಿ ನಿಂತಿದ್ದ. ಎಲ್ಲಿಂದ ಶುರು ಮಾಡಲಿ ಸಾರ್ ಅಂತ ತೆಲುಗಿನಲ್ಲಿ ಕೇಳಿದ.

"ಏನೂ ಬ್ಯಾಡಪಾ. ಚಹಾ ಕುಡದು ಹೋಗು" ಅಂದ ಕಾಕಾ, ಕನ್ನಡದಲ್ಲೇ. ಮೇಸ್ತ್ರಿಗೆ ತಿಳಿಯಿತು.

ನನ್ನ ಬಾಯಿ ಸುಮ್ಮನಿರಬೇಕಲ್ಲ! "ಕಾಕಾ, ಆಗ್ನೇಯ?"

"ಆಗ್ನೇಯ ಅಂತ ಯಾವ ಗ್ವಾಡಿ ಮ್ಯಾಲೆ ಬರದೈತೋ ತಮ್ಮಾ?" ಪಾಕೀಟನ್ನು ಕಾಕುವಿನ ಕೈಗೆ ಕೊಟ್ಟು, ನನ್ನ ಕಡೆ ತಿರುಗದೆ ಅಂದ: "ಕೆಳಗ ನಿಂತ ನೋಡಿ ಬಂದೀನಿ. ಅಲ್ಲಿಂದ ಇಕಿ ಮಾರಿ ಕಾಣ್ತೈತಿ."

ಆ ದಿನ ಕೆಟ್ಟದ್ದು ಅಂದರೆ ಒಂದು ಪಾಕೀಟು ಹಾಲು.